ಕೊನೆಯರ್ಧ ನನ್ನ ಪಾಲಿಗೆ

ಭಾನುವಾರ, ತಾರೀಖು ಹದಿನೇಳು
ಕುಶನ್ ಅಂಗಡಿ ಮೇಲಿನ ಅದೇ ರೂಮು

ಪಂಡಿತ,

ಹೇಗಿದ್ದೀಯೋ? ಇಲ್ಲಿ ನಾನು, ಅಮ್ಮ, ಹೊಲಿಗೆ ಮಿಷನ್ನು, ಮೂವರೂ ಸದ್ದು ಮಾಡಿಕೊಂಡು ಬದುಕಿದ್ದೇವೆ. ನಿನ್ನ ಪಾರ್ಸೆಲ್ ಬಂದು ತಿಂಗಳ ಮೇಲಾಯಿತು. ಉತ್ತರ ಬರೆಯಲಿಲ್ಲ ಅಂತ ಬೈದುಕೊಂಡಿರುತ್ತೀಯ, ಬೈದುಕೋ. ಕೆಲಸ ಜಾಸ್ತಿ ಇತ್ತು ಅಂತ ಬರೆಯಬಹುದು, ಅದು ಸುಳ್ಳೂ ಅಲ್ಲ. ಯಾವುದೋ ಸಿನಿಮಾ ಥಿಯೇಟರಿನವರು ಸೀಟೆಲ್ಲ ಕಿತ್ತು ತಂದು ಅಂಗಡಿ ಮುಂದೆ ಸುರಿದು ಹೋಗಿದ್ದಾರೆ. ದಾರಿಯಲ್ಲಿ ಹೋಗುವವರೆಲ್ಲ ಅದರ ಮೇಲೆ ಕೂತು "ಪಿಕ್ಚರ್ ಯಾವಾಗ ಶುರು?" ಅಂತ ಕೇಳುತ್ತಾರೆ. ಅವರ ಮೇಲೆ ರೇಗಿ ರೇಗಿ ನಮ್ಮ ಯಜಮಾನರ ಗಂಟಲು ಕಟ್ಟಿದೆ. ನನ್ನನ್ನು ಕಂಡ ಕೂಡಲೇ ಮಾತ್ರ ಸರಿಹೋಗುತ್ತದೆ. "ಲೇ ಸ್ಪ್ರಿಂಗು, ಸೀಟಿಗೆ ಸ್ಪ್ರಿಂಗ್ ಹಾಕೋ ಅಂದ್ರೆ ನೀನೇ ಎಗರ್ತಾ ಇರ್ತೀಯಲ್ಲೋ! ಒಂದ್ ಕಡೆ ಕೂತ್ಕೊಂಡ್ ಸಾಯೋ!" ನೀನು ಈ ಅಂಗಡಿ ಬಿಟ್ಟು ಪತ್ರಿಕೆ ಆಫೀಸು ಸೇರಿ ಮೂರು ವರ್ಷವಾಯಿತು, ಇನ್ನೂ "ಪಂಡಿತ ಇದ್ದಿದ್ರೆ" ಅಂತ ಶುರು ಮಾಡುತ್ತಾರೆ. ನೀನು ಇದ್ದಾಗ "ಈ ಪಂಡಿತ ತೊಲಗಿದ್ರೆ" ಅನ್ನುತ್ತಿದ್ದರು. ನಾನು ನೆನಪಿಸಲು ಹೋಗುವುದಿಲ್ಲ.

ನೀನು ಎರಡು ಕೇಳಿದ್ದೀಯ. ನಿನ್ನ ಮೊದಲ ಕಾದಂಬರಿ ಹೇಗಿದೆ, ಮುಖ ನೋಡದೆ ಹೇಳು ಅಂತ ಒಂದು. ಮುಂದಿನ ತಿಂಗಳು ಅದರ ಬಿಡುಗಡೆ, ಅಮ್ಮನನ್ನು ಕರೆದುಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂರಬೇಕು ಅಂತ ಇನ್ನೊಂದು. ಅಮ್ಮ ಉಡುವ ಬಟ್ಟೆ ಆರಿಸಿ ಇಟ್ಟಾಗಿದೆ. ಒದ್ದಾಟ ನನ್ನದೊಬ್ಬನದೇ. ಬರುತ್ತೇನೋ ಇಲ್ಲವೋ, ಈ ಕಾಗದ ಮುಗಿಸುವಷ್ಟರಲ್ಲಿ ನನಗೇ ಗೊತ್ತಾಗಬೇಕು.

ನಿನ್ನ ಪುಸ್ತಕಕ್ಕೆ ಬರುವ ಮುಂಚೆ ಈಚೆಗೆ ಓದಿದ್ದನ್ನು ಕಕ್ಕಿಬಿಡುತ್ತೇನೆ. ಇಲ್ಲಿ ಯಾರ ಹತ್ತಿರ ಹೇಳಲಿ? ಯಜಮಾನರ ಹತ್ತಿರವಾ?

ಒಂದು ದಪ್ಪನೆಯ ಕಾದಂಬರಿ, ಹಿಡಿದರೆ ತೋಳು ನೋಯಬೇಕು. ನಾಯಕ ದೊಡ್ಡ ಮನೆಯವನು. ಕಿಟಕಿ ಹತ್ತಿರ ನಿಂತು ಯೋಚಿಸುತ್ತಾನೆ. ಅಧ್ಯಾಯ ಮುಗಿದರೂ ನಿಂತೇ ಇದ್ದಾನೆ. ಟೀ ಬಂತು, ಆರಿತು. ಇನ್ನೊಂದು ಟೀ ಬಂತು, ಅದೂ ಆರಿತು. ಎರಡನೇ ಸಲ ಒಲೆ ಹಚ್ಚಿದವಳು ಯಾರು, ಹಚ್ಚುವಾಗ ಅವನಿಗೆ ಏನಂತ ಶಾಪ ಹಾಕಿದಳು, ಅದು ಒಂದು ಸಾಲೂ ಇಲ್ಲ ಕಣೋ. ನನಗೆ ಅವಳ ಕಥೆ ಬೇಕಿತ್ತು. ಲೈಬ್ರರಿ ಅಕ್ಕನ ಹತ್ತಿರ ಜಗಳಕ್ಕೆ ಹೋದೆ.

"ಅದು ಆಳವಾದ ಪುಸ್ತಕ ಕಣಪ್ಪ. ನಿಧಾನಕ್ಕೆ ಇಳೀಬೇಕು."

"ಇಳಿದೆ ಅಕ್ಕ. ತಳದಲ್ಲೂ ಕಿಟಕೀನೇ ಇತ್ತು."

"ಹಂಗಾದ್ರೆ ಕೊಲೆ ಪುಸ್ತಕ ತಗೊಂಡ್ ಹೋಗು. ನಿನ್ ಅವಸರಕ್ಕೆ ಅದೇ ಸರಿ."

ಅದನ್ನೂ ತಂದೆ. ಅದು ಇನ್ನೂ ಮೋಸ. ಊರವರನ್ನೆಲ್ಲ ಅನುಮಾನಿಸುವ ಹಾಗೆ ಮಾಡಿ, ಕೊನೆಗೆ ನೋಡಿದರೆ ಕೊಲೆಗಾರ ಒಬ್ಬ ಗಡಿಯಾರ ರಿಪೇರಿಯವನು. ಯಾವುದೋ ಮೂಲೆಯಲ್ಲಿ ಎರಡೇ ಸಾಲು ಬಂದುಹೋಗಿದ್ದ. ಅವನು ಕೊಂದ ಅನ್ನುವುದಕ್ಕಿಂತ ಅವನನ್ನು ಬಚ್ಚಿಟ್ಟರು ಅಂತ ನನಗೆ ಸಿಟ್ಟು. ಮುಂಚಿನ ಕಾಲವಾಗಿದ್ದರೆ ನಾನು ಹೀಗೆ ಏಮಾರುತ್ತಿರಲಿಲ್ಲ. ಆಗ ಬಾಡಿಗೆಗೆ ತಂದ ಪುಸ್ತಕ ಒಂದು, ಓದುವವರು ಇಬ್ಬರು, ತಾಳ್ಮೆ ಯಾರಿಗೂ ಇಲ್ಲ. ರೆಕ್ಸಿನ್ ಕೊಯ್ಯುವ ಬ್ಲೇಡಿನಿಂದ ಬೆನ್ನು ಸೀಳಿ ಎರಡು ಮಾಡುತ್ತಿದ್ದೆವಲ್ಲ? ಮೊದಲರ್ಧ ನಿನಗೆ, ಕೊನೆಯರ್ಧ ನನಗೆ, ಆಮೇಲೆ ಅದಲುಬದಲು. ವಾಪಸು ಕೊಡುವ ಮುಂಚೆ ಸೀಟು ಹೊಲಿಯುವ ಮೇಣದ ದಾರದಲ್ಲಿ ನಾನು ಸೇರಿಸಿ ಹೊಲಿಯುತ್ತಿದ್ದೆ. ಸಿಕ್ಕಿಬಿದ್ದ ದಿನ ಲೈಬ್ರರಿ ಅಕ್ಕ "ಇದು ಪುಸ್ತಕಾನೋ ಬಸ್ ಸೀಟೋ?" ಅಂತ ಬೀದಿಗೆ ಕೇಳುವ ಹಾಗೆ ಕೂಗಾಡಿ, ಹೊಲಿಗೆ ಎಳೆದು ನೋಡಿ, ತನ್ನ ಹರಿದ ಪುಸ್ತಕಗಳನ್ನೆಲ್ಲ ಹೊಲಿದುಕೊಡು ಅಂತ ನನ್ನ ತಲೆಗೆ ಕಟ್ಟಿದಳು. ಕೊನೆಯರ್ಧ ಮೊದಲು ಓದುವ ಲೆಕ್ಕದಲ್ಲಿ ನಾನು ಎಲ್ಲರ ಸಾವು ನೋಡಿ ಆಮೇಲೆ ಮದುವೆ ನೋಡಿದವನು. ಕೊಲೆಗಾರನನ್ನು ಮೊದಲೇ ಹಿಡಿದಿರುತ್ತಿದ್ದೆ. ನೀನು ಎರಡೂ ಕಿವಿ ಮುಚ್ಚಿಕೊಂಡು "ಹೇಳ್ಬೇಡ್ವೋ, ಹೇಳಿದ್ರೆ ಅನ್ನ ಹಾಕಲ್ಲ" ಅನ್ನುತ್ತಿದ್ದೆ.

ಮೂರನೆಯದು ಒಬ್ಬ ನರ್ಸಿನ ಕಥೆ. ಅದು ನನಗೆ ಹಿಡಿಸಿತ್ತು. ತಮ್ಮಂದಿರನ್ನು ಓದಿಸಿದವಳು. ಅವರು ದೊಡ್ಡವರಾದ ಮೇಲೆ ಇವಳ ಮನೆ ಕಡೆ ತಲೆ ಹಾಕುವುದಿಲ್ಲ. ಪುಸ್ತಕದುದ್ದಕ್ಕೂ ಒಳ್ಳೆ ಕೆಂಡದಂಥ ಸಿಟ್ಟು ಅವಳದು. ಓದುತ್ತಾ ನಾನೇ "ಭೇಷ್, ಹಾಕಮ್ಮ ಇನ್ನೊಂದು" ಅನ್ನುತ್ತಿದ್ದೆ. ಕೊನೆಯ ಅಧ್ಯಾಯದಲ್ಲಿ ಏನಾಯಿತು ಗೊತ್ತಾ? ಅವರು ಒಂದು ದಿನ ಹಣ್ಣು ಹಿಡಿದುಕೊಂಡು ಬಂದರು, ಇವಳು ಕ್ಷಮಿಸಿಬಿಟ್ಟಳು. ಅಷ್ಟೇ! ತಪ್ಪಾಯಿತು ಅಂತ ಅವರು ಬಾಯಿ ಸಹ ಬಿಡಲಿಲ್ಲ. ಪುಸ್ತಕ ಎಸೆದೆ. ಅಮ್ಮ ಗಾಬರಿಯಾಗಿ "ಏನಾಯ್ತೋ, ಜಿರಳೆನಾ?" ಅಂದಳು. "ಇಲ್ಲಮ್ಮ, ದೊಡ್ಡ ಮನಸ್ಸು" ಅಂದೆ. ಈ ಬರೆಯುವವರಿಗೆ ಕೊನೆಯ ಹತ್ತು ಪುಟ ಬಂದರೆ ಯಾಕೆ ಕೈ ನಡುಗುತ್ತದೆ? ಸಿಟ್ಟು ಬಂದವರನ್ನು ಸಿಟ್ಟಿನಲ್ಲೇ ಬಿಟ್ಟರೆ ಏನು ಗಂಟು ಹೋಗುತ್ತದೆ?

ಈಗ ನಿನ್ನದು.

ಹಳೇ ಚಾಳಿ, ಅದನ್ನೂ ನಡುವಿನಿಂದಲೇ ತೆರೆದೆ. ಕತ್ತರಿಸಲಿಲ್ಲ, ಹೆದರಬೇಡ. ಕೊನೆಯರ್ಧ ಒಂದೇ ಉಸಿರಿಗೆ ಮುಗಿಸಿದೆ, ಆಮೇಲೆ ಮೊದಲರ್ಧ. ಮುಖ ನೋಡದೆ ಹೇಳು ಅಂದಿದ್ದೀಯ, ಹೇಳುತ್ತೇನೆ. ಚೆನ್ನಾಗಿದೆ. ನಮ್ಮ ಯಜಮಾನರು ಕೆಮ್ಮಿಕೊಂಡೇ ಮೆಟ್ಟಿಲು ಹತ್ತುವುದು, ರಬ್ಬರ್ ಅಂಟಿನ ವಾಸನೆಗೆ ಹಸಿವು ಸತ್ತುಹೋಗುವುದು, ನಲ್ಲಿ ಮುಂದೆ ಕೊಡ ಸರದಿಯಲ್ಲಿಟ್ಟು ಕೆಳಗಿನ ಮನೆ ಅಜ್ಜಿ ಅದಕ್ಕೆ ಕಾವಲು ಕೂರುವುದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಅಜ್ಜಿಯ ಬೈಗುಳವನ್ನು ಸ್ವಲ್ಪ ತೊಳೆದಿದ್ದೀಯ, ಇರಲಿ. ನಿನಗೆ ಬರೆಯಲು ಬರುತ್ತದೆ, ಅದರಲ್ಲಿ ಅನುಮಾನವಿಲ್ಲ.

ಆದರೆ ಆ 'ಏಕಾಂತ' ಅನ್ನುವ ಪದ! ಪುಟ ತಿರುಗಿಸಿದರೆ ಏಕಾಂತ. ನಾಯಕ ಏಕಾಂತದಲ್ಲಿ ಹಲ್ಲುಜ್ಜುತ್ತಾನೆ, ಏಕಾಂತದಲ್ಲಿ ಅನ್ನ ಬೇಯಿಸುತ್ತಾನೆ, ಏಕಾಂತದಲ್ಲಿ ಸೀಟಿಗೆ ಹತ್ತಿ ತುರುಕುತ್ತಾನೆ. ಅಮ್ಮ ಬರುವ ಮುಂಚೆ ನಾವಿಬ್ಬರೂ ಇದ್ದಾಗ ಈ ರೂಮಿನಲ್ಲಿ ಒಬ್ಬ ಸೀನಿದರೆ ಇನ್ನೊಬ್ಬನ ಹೊದಿಕೆ ಹಾರುತ್ತಿತ್ತು. ಏಕಾಂತ ಎಲ್ಲಿಂದ ತಂದೆ ಮಾರಾಯ? ಪತ್ರಿಕೆ ಆಫೀಸಿನಲ್ಲಿ ಕೊಡುತ್ತಾರಾ? ಕಥೆ ಅಂದಮೇಲೆ ಇದ್ದ ಹಾಗೇ ಬರೆಯಬೇಕು ಅಂತ ಇಲ್ಲ, ಗೊತ್ತು. ಇಷ್ಟು ಪುಸ್ತಕ ಓದಿದವನಿಗೆ ಅದನ್ನು ಹೇಳಿಕೊಡಬೇಡ. ಅದಕ್ಕೇ ಒಂದು ತಿಂಗಳಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ, ಲೇ, ಅದು ಕಥೆ, ಅದು ಕಥೆ ಅಂತ. ಕೈಯಲ್ಲಿ ಸೂಜಿ ಇರುತ್ತದೆ, ಹೇಳಿಕೊಳ್ಳುತ್ತಾ ಬೆರಳಿಗೆ ಚುಚ್ಚಿಕೊಳ್ಳುತ್ತೇನೆ.

ಸಾಕು ಬಿಡು. ಹೊತ್ತಿಗೆ ಸರಿಯಾಗಿ ಊಟ ಮಾಡು, ನೀನು ಬರೆಯಲು ಕೂತರೆ ಒಲೆ ಮೇಲಿನ ಪಾತ್ರೆ ಮರೆಯುವವನು. ಪುಸ್ತಕ ಎಲ್ಲರ ಕೈಗೂ ಹೋಗಲಿ, ಓದಿದವರು ನಿನ್ನನ್ನು ಹುಡುಕಿಕೊಂಡು ಬರಲಿ. ನಿನಗೆ ಒಳ್ಳೆಯದಾಗಲಿ ಅಂತ ನಾನು ಮನಸ್ಸಿನಿಂದಲೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಅದು ಬೆರಳಿನ ಗಾಯಕ್ಕೆ. ಅಮ್ಮ ನಿನ್ನ ತಲೆ ಮೇಲೆ ಕೈಯಿಟ್ಟ ಹಾಗೆ ಬರಿ ಅಂದಿದ್ದಾಳೆ. ಅದನ್ನು ಬರೆಯುವುದು ಹೇಗೋ ನನಗೆ ಗೊತ್ತಿಲ್ಲ. ಇಟ್ಟಿದ್ದಾಳೆ ಅಂದುಕೋ.

ಇಂತಿ,
ಸ್ಪ್ರಿಂಗು

ಮರೆತ ಮಾತು: ಮರೆತಿರಲಿಲ್ಲ, ಮೇಲೆ ಬರೆಯಲು ಆಗಲಿಲ್ಲ. ನಿನ್ನ ಪುಸ್ತಕದ ಕೊನೆಯರ್ಧದಲ್ಲಿ ನಾನು ಎಲ್ಲೂ ಬರಲಿಲ್ಲ. ನನಗೇನೂ ಅನ್ನಿಸಲಿಲ್ಲ ಕಣೋ. ಮೊದಲರ್ಧದಲ್ಲಿ ಇರುತ್ತೇನೆ, ಎಲ್ಲೋ ಜಗಳವಾಡಿ ಎದ್ದು ಹೋಗಿರುತ್ತೇನೆ, ಇಲ್ಲ ಬಡ್ಡಿಮಗ ನನ್ನನ್ನು ಸಾಯಿಸಿರುತ್ತಾನೆ ಅಂದುಕೊಂಡು ನಗುತ್ತಾ ಮೊದಲರ್ಧ ತೆರೆದೆ. ಸಾಯಿಸಿದ್ದರೂ ಖುಷಿಪಡುತ್ತಿದ್ದೆ. ಒಂದು ಪುಟವಾದರೂ ಅತ್ತಿರುತ್ತೀಯಲ್ಲ ಅಂತ. ಮೊದಲ ಪುಟದಲ್ಲೇ ಈ ರೂಮು ಬಂತು. ಅದರಲ್ಲಿ ಒಂದೇ ಹಾಸಿಗೆ ಹಾಸಿದ್ದೀಯ. ಮುಂದೆ ನಿನ್ನ ನಾಯಕ ಪುಸ್ತಕವನ್ನು ಬ್ಲೇಡಿನಲ್ಲಿ ಎರಡು ಮಾಡುತ್ತಾನೆ, ಪೂರ್ತಿ ಹಿಡಿದರೆ ಕೈ ನೋಯುತ್ತದಂತೆ. ಒಬ್ಬನೇ ಇರುವವನು ಪುಸ್ತಕ ಯಾಕೋ ಸೀಳುತ್ತಾನೆ?

ಅಮ್ಮನಿಗೆ ಓದು ಬರುವುದಿಲ್ಲ, ನಿನಗೆ ಗೊತ್ತು. ಪಾರ್ಸೆಲ್ ಬಂದ ವಾರವೇ "ನಿಂದು ಬರೋ ಜಾಗ ಓದೋ" ಅಂದಳು. ಪುಸ್ತಕ ಮುಖಕ್ಕೆ ಹಿಡಿದು ಬಾಯಿಗೆ ಬಂದಿದ್ದು ಓದಿದೆ. ಪತ್ರಿಕೆ ಆಫೀಸಿನ ಇಂಟರ್‌ವ್ಯೂಗೆ ನೀನು ಕದ್ದು ಹೋದ ದಿನ, ನಿನ್ನ ಸೀಟುಗಳನ್ನೂ ನಾನೇ ಹೊಲಿಯುತ್ತಾ, ಸಂಜೆವರೆಗೂ ಯಜಮಾನರಿಗೆ "ಪಂಡಿತಂಗೆ ಹೊಟ್ಟೆ ಸರಿ ಇಲ್ಲ, ಈಗ ತಾನೇ ಮತ್ತೆ ಓಡಿದ" ಅನ್ನುತ್ತಿದ್ದೆನಲ್ಲ, ಅದನ್ನು. ಅಮ್ಮ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. "ನನ್ ಮಗನ್ನ ಇದ್ದಂಗೇ ಬರ್ದಿದಾನೆ, ಪುಣ್ಯಾತ್ಮ" ಅಂದಳು. ಈಗ ಆಗಾಗ ಅದನ್ನೇ ಓದಿಸುತ್ತಾಳೆ. ನಾನು ಮಾತು ಬದಲಿಸಿದರೆ "ಮೊನ್ನೆ ಬೇರೆ ಥರ ಇತ್ತಲ್ಲೋ" ಅಂತ ಹಿಡಿಯುತ್ತಾಳೆ.

ಬರುತ್ತೇವೆ, ಇಬ್ಬರೂ. ಅವಳ ಸಂತೋಷ ಕೆಡಿಸಲು ನನಗೆ ಆಗುವುದಿಲ್ಲ. ನಿನ್ನನ್ನು ಕ್ಷಮಿಸಿದೆ ಅಂತ ತಿಳಿಯಬೇಡ, ಆ ನರ್ಸ್ ನಾನಲ್ಲ. ಅಮ್ಮ ಅಲ್ಲಿ ನಿನ್ನ ಕೈ ಹಿಡಿದು, ಎಲ್ಲರ ಮುಂದೆ, ನನ್ನ ಮಗ ಬರುವ ಜಾಗ ಬಹಳ ಚೆನ್ನಾಗಿದೆ ಅನ್ನುತ್ತಾಳೆ. ಆಗ ನನ್ನ ಕಡೆ ನೋಡಬೇಡ. ಹೌದಮ್ಮ ಅನ್ನು.