ಹಳೆಯ ಫ್ಯಾನು ವಾಪಸ್ ಬೇಕು

ಮೆಕ್ಯಾನಿಕ್ ಅಣ್ಣನವರಿಗೆ ನಮಸ್ಕಾರ.

ವರ್ಷದಿಂದ ಮೂಲೆಯಲ್ಲಿ ಬಿದ್ದಿದ್ದ, ಈಜುಕೊಳ ತೊಳೆಯುವ ನಮ್ಮ ರೋಬೋ ನೀವು ನಿನ್ನೆ ರಿಪೇರಿ ಮಾಡಿದ ಮೇಲೆ ಚೆನ್ನಾಗಿ ಓಡುತ್ತಿದೆ. ಐದೇ ನಿಮಿಷಕ್ಕೆ ಮುಷ್ಕರ ಹೂಡುತ್ತಿಲ್ಲ, ಗೋಡೆಯನ್ನೂ ಹತ್ತುತ್ತಿದೆ. ನಿಮ್ಮ ಕೆಲಸದ ಬಗ್ಗೆ ತಕರಾರಿಲ್ಲ.

ಕೇಳಬೇಕಾದದ್ದು ಬೇರೆ. ರೋಬೋ ಒಳಗೆ ಕೂದಲು ಸುತ್ತಿಕೊಂಡು ಸಿಕ್ಕಿಬಿದ್ದಿದ್ದ, ನೀರೆಳೆಯುವ ಹಳೆಯ ಫ್ಯಾನನ್ನು ಬಿಚ್ಚಿ, "ಇದ್ರಲ್ಲಿ ಒಂದು ಜಡೆ ಹೆಣೀಬಹುದಲ್ಲಮ್ಮಾ!" ಅಂದಿರಿ. ನಾನೂ ನಕ್ಕೆ. ನೀವು ಅದನ್ನು ಚೀಲಕ್ಕೆ ಹಾಕಿಕೊಂಡು ಗೇಟು ದಾಟಿದ ಮೇಲೆ ನನಗೆ ಹೊಳೆಯಿತು.

ಅದು ನನ್ನ ಮಗಳ ಕೂದಲು.

"ಕೂದಲು ಕಟ್ಕೊಂಡು ನೀರಿಗಿಳಿಯೇ, ಮಷೀನ್ ಹಾಳಾಗತ್ತೆ" ಎಂದು ದಿನಾ ಗದರುತ್ತಿದ್ದೆ. "ಹಾಳಾದ್ರೆ ರಿಪೇರಿ ಮಾಡಿಸಮ್ಮ" ಅನ್ನುತ್ತಿದ್ದಳು. ಆಮೇಲೆ ಆಸ್ಪತ್ರೆಯ ಔಷಧಿಗೆ ಕೂದಲೆಲ್ಲ ಉದುರತೊಡಗಿತು. ಅವಳ ಕಣ್ಣಿಗೆ ಬೀಳದಿರಲಿ ಎಂದು ದಿಂಬು, ಬಾಚಣಿಗೆ, ಬಚ್ಚಲು ಎಲ್ಲ ಕಡೆಯಿಂದಲೂ ನಾನೇ ಬಳಿದು ಎಸೆದೆ. ಅವಳು ಹೋಗಿ ಏಳು ತಿಂಗಳಾಯಿತು. ಈಗ ಮನೆಯೆಲ್ಲ ಹುಡುಕಿದರೂ ಒಂದೆಳೆ ಸಿಗುವುದಿಲ್ಲ. ನನ್ನ ಅಚ್ಚುಕಟ್ಟಿಗೆ ಬೆಂಕಿ ಬೀಳ.

ಆ ಫ್ಯಾನು ಇನ್ನೂ ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಕೊಟ್ಟುಹೋಗಿ. ಎಸೆದಿದ್ದರೆ ಯಾವ ತೊಟ್ಟಿಗೆ ಅಂತ ಹೇಳಿ, ನಾನೇ ಬಂದು ಹುಡುಕುತ್ತೇನೆ. ನೀವು ಶುಚಿಯಾಗಿ ಕೆಲಸ ಮಾಡುವವರು, ಕೊಡುವ ಮುಂಚೆ ಅದನ್ನು ಕ್ಲೀನ್ ಮಾಡಿಬಿಡುತ್ತೀರೇನೋ ಎಂದು ಭಯ.

ಮಾಡಬೇಡಿ ಅಣ್ಣಾ.

ಇಂತಿ,
ಈಜುಕೊಳದ ಮನೆಯವಳು