ಹೆಗಲು ಇಳಿದ ಸದ್ದು

ನಮ್ಮ ಮನೆ, ಊಟದ ಮೇಜು
೧೪ನೇ ತಾರೀಖು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ನಿನ್ನ ಮಂಡಿ ಹೇಗಿದೆ? ಅಣ್ಣನ ಮನೆಯ ಮೆಟ್ಟಿಲು ಹತ್ತಿ ಇಳಿಯುವುದನ್ನು ಕಡಿಮೆ ಮಾಡಿದೆಯಾ? ನೀನು ಆಗಲೇ ಪೆಟ್ಟಿಗೆ ಕಟ್ಟಿ ಬಾಗಿಲ ಪಕ್ಕ ಇಟ್ಟಿದ್ದೀಯಂತೆ, ಮಗುವಿಗೆ ಹೆಣೆದ ಸ್ವೆಟರು ಎಲ್ಲಕ್ಕಿಂತ ಮೇಲಿದೆಯಂತೆ, ಅತ್ತಿಗೆ ಹೇಳಿದಳು. ಮುಂದಿನ ತಿಂಗಳು ನಾನು ಕೆಲಸಕ್ಕೆ ಮರಳಿದ ಮೇಲೆ ಮೊಮ್ಮಗಳನ್ನು ನೋಡಿಕೊಳ್ಳುವವಳು ನೀನೇ ಎಂದು ಬೀದಿಗೆಲ್ಲ ಸಾರಿದ್ದೀಯಂತೆ. ಇಲ್ಲಿ ನಾವು ಕ್ಷೇಮ. ನಿದ್ದೆಯೊಂದು ಇಲ್ಲ. ಕಣ್ಣು ಉರಿಯುತ್ತಿದೆ, ಅಕ್ಷರ ಸೊಟ್ಟಗಿದ್ದರೆ ಕಾಲೇಜಿಗೆ ಕಳಿಸಿದ್ದೇ ದಂಡ ಎನ್ನಬೇಡ.

ನನ್ನ ಕತ್ತುನೋವಿನ ಬಗ್ಗೆ ಕೇಳಿದ್ದೆಯಲ್ಲ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ಮಾತ್ರೆ ನುಂಗಿ ನುಂಗಿ ಹೊಟ್ಟೆ ಕೆಟ್ಟಿತು. ಅದಕ್ಕೇ ಬಯೋಫೀಡ್‌ಬ್ಯಾಕ್ ಎಂಬ ಚಿಕಿತ್ಸೆಗೆ ಹೋಗುತ್ತಿದ್ದೇನೆ. "ಮಾತ್ರೆ ಬಿಟ್ಟು ಯಾರಾದ್ರೂ ಕರೆಂಟ್ ತಗೋತಾರೇನೇ" ಎಂದು ನೀನು ಫೋನಿನಲ್ಲಿ ನಕ್ಕಿದ್ದೆ. ಅದು ಕರೆಂಟ್ ಕೊಡುವುದಿಲ್ಲ ಅಮ್ಮಾ, ಬರೀ ಕೇಳಿಸಿಕೊಳ್ಳುತ್ತದೆ. ಕತ್ತಿಗೂ ಹೆಗಲಿಗೂ ನಡುವೆ ಸಣ್ಣ ಪಟ್ಟಿ ಅಂಟಿಸುತ್ತಾರೆ, ಅದರ ತಂತಿ ಯಂತ್ರಕ್ಕೆ ಹೋಗುತ್ತದೆ. ಸ್ನಾಯು ಬಿಗಿದರೆ ಯಂತ್ರ ಕೀರಲು ದನಿ ತೆಗೆಯುತ್ತದೆ, ಸಡಿಲವಾದರೆ ದುಂಬಿಯಂತೆ ಗುಂಯ್‌ಗುಡುತ್ತದೆ. ಆ ದನಿ ಕೇಳುತ್ತ ಕೇಳುತ್ತ ಹೆಗಲು ಇಳಿಸುವುದನ್ನು ಮೈ ತಾನೇ ಕಲಿಯಬೇಕು. ಅಲ್ಲಿ ಕಲಿಸುವವರಿಗೆ ನಾನು ಮನಸ್ಸಿನಲ್ಲೇ ಇಟ್ಟ ಹೆಸರು ತಂತಿಯಮ್ಮ. ಮೆತ್ತನೆಯ ಮಾತು, ದಪ್ಪ ಕನ್ನಡಕ. ಎದುರಿಗಿರುವವರ ಮುಖಕ್ಕಿಂತ ಪರದೆಯ ಮೇಲಿನ ಗೆರೆಯನ್ನೇ ಹೆಚ್ಚು ನೋಡುತ್ತಾರೆ.

"ನಿಮಗೆ ನೆಮ್ಮದಿ ಕೊಡೋ ಒಂದು ಸದ್ದು ತಗೊಂಡ್ ಬನ್ನಿ" ಎಂದಿದ್ದರು. ಕೆಲವರು ಅಲೆಯ ಸದ್ದು ತರುತ್ತಾರಂತೆ, ಒಬ್ಬರು ನಾಯಿಯ ಗೊರಕೆ ತಂದಿದ್ದರಂತೆ. ನಾನು ನಿನ್ನ ದನಿ ಒಯ್ದೆ. ಬೆಳಿಗ್ಗೆ ಎದ್ದ ಕೂಡಲೆ ಫೋನಿಗೆ ಕಳಿಸುತ್ತೀಯಲ್ಲ, "ಕಂದಾ, ಎದ್ದೆಯಾ?" ಅಂತ, ಅದನ್ನೇ. ನಮ್ಮತ್ತೆ ಮಗುವನ್ನು ಎತ್ತಿಕೊಂಡು ಪಕ್ಕದಲ್ಲೇ ಕೂತಿದ್ದರು. ನಿನ್ನ ದನಿ ಹಾಕಿದ್ದೇ ತಡ, ಯಂತ್ರ ಕಿರುಚಿತು. ತಂತಿಯಮ್ಮ ಪಟ್ಟಿ ಕಿತ್ತು ಹೊಸದು ಅಂಟಿಸಿದರು. ಮತ್ತೆ ಕಿರುಚಿತು. ಅತ್ತೆ ಕೆಮ್ಮಿದರು, ಅದಕ್ಕೆ ಯಂತ್ರ ಕ್ಯಾರೇ ಅನ್ನಲಿಲ್ಲ. ಅತ್ತೆಗೆ ಹಾಲು ಕುಡಿದಷ್ಟು ಸಂತೋಷ. "ನಿಮ್ಮಮ್ಮ ಬಂದು ಕೂತ್ರೆ ನಿನ್ನ ಹೆಗಲು ಕಿವಿ ಮುಟ್ಟುತ್ತೆ ಬಿಡು" ಎಂದು ದಾರಿಯುದ್ದಕ್ಕೂ ನಕ್ಕರು. ಅಂದಿನಿಂದ ನಿನ್ನ ಫೋನ್ ಬಂದರೆ ನಿನ್ನ ಅಳಿಯಂದಿರು ಬಾಯಲ್ಲೇ ಯಂತ್ರದಂತೆ ಕಿರುಚುತ್ತಾರೆ. ನಾನೂ ನಗುತ್ತೇನೆ, ಆಮೇಲೆ ಫೋನ್ ಎತ್ತುತ್ತೇನೆ.

ನನಗೆ ಆಶ್ಚರ್ಯವಾಗಲಿಲ್ಲ ಅಮ್ಮಾ. ಚಿಕ್ಕಂದಿನಲ್ಲಿ ನಾನು ಅತ್ತರೆ ನೀನು ಹೊಡೆದವಳಲ್ಲ, ಬೈದವಳೂ ಅಲ್ಲ. ಚಪ್ಪಲಿ ಮೆಟ್ಟಿಕೊಂಡು, ತುಂಬ ಮೆತ್ತಗೆ, "ಅಳು ಕಂದಾ, ಅಳು. ನೀನು ಅತ್ತು ಮುಗಿಸೋ ಹೊತ್ತಿಗೆ ಅಮ್ಮ ಇರಲ್ಲ" ಎನ್ನುತ್ತಿದ್ದೆ. ಬಾಗಿಲೆಳೆದುಕೊಂಡು ಹೊರಗೆ ನಿಲ್ಲುತ್ತಿದ್ದೆ. ನಾನು ಅಳು ನುಂಗಿ, ಉಸಿರು ಬಿಗಿಹಿಡಿದು, ನೀನು ಮೆಟ್ಟಿಲಿಳಿಯುವ ಸದ್ದು ಬರುತ್ತದೋ ಏನೋ ಎಂದು ಕೇಳುತ್ತಿದ್ದೆ. ಹಾಗೆ ಕೇಳುವಾಗ ಹೆಗಲು ಎಲ್ಲಿರುತ್ತಿತ್ತು ಎಂದು ಈಗ ಗೊತ್ತಾಗುತ್ತಿದೆ. "ನನ್ನ ಮಗಳು ಅಳೋದೇ ಇಲ್ಲಪ್ಪ" ಎಂದು ನೆರೆಯವರ ಮುಂದೆ ನೀನು ಬೀಗುತ್ತಿದ್ದೆ. ನಿಜವೇ, ಅಳುತ್ತಿರಲಿಲ್ಲ.

ಕಳೆದ ತಿಂಗಳು ಒಂದು ದಿನ ಅತ್ತೆಗೆ ಜ್ವರ. ಮಗುವನ್ನೂ ಕರೆದುಕೊಂಡು ಒಬ್ಬಳೇ ಹೋದೆ. ನಿಂತಲ್ಲಿ ನಿಲ್ಲದ ಅವಳಿಗೆ ನಾವು ಬುಗುರಿ ಎನ್ನುತ್ತೇವಲ್ಲ, ಅಂದೂ ಹಾಗೇ ಕೋಣೆಯೆಲ್ಲ ಸುತ್ತಿದಳು, ತಂತಿ ಹಿಡಿದೆಳೆದಳು, ಬಿಡಿಸಿದ್ದಕ್ಕೆ ಕಾಲು ಬಡಿದು ಅತ್ತಳು. ಅತ್ತ ಅವಳ ಕಿರುಚಾಟ, ಇತ್ತ ಯಂತ್ರದ್ದು. ನಿದ್ದೆಗೆಟ್ಟ ತಲೆ ಸಿಡಿಯುತ್ತಿತ್ತು. ನನ್ನ ಬಾಯಿಂದ ಬಂತು, ನಿನ್ನದೇ ಮೆತ್ತನೆಯ ದನಿಯಲ್ಲಿ: "ಅಳು ಕಂದಾ, ಅಳು. ನೀನು ಅತ್ತು ಮುಗಿಸೋ ಹೊತ್ತಿಗೆ ಅಮ್ಮ ಇರಲ್ಲ." ಮಗು ಬಾಯಿ ತೆರೆದಂತೆಯೇ ನಿಂತುಬಿಟ್ಟಿತು. ಯಂತ್ರದ ದನಿ ಇಳಿಯಿತು, ಇಳಿಯಿತು, ಇಷ್ಟು ದಿನ ನಾನು ಕೇಳದಷ್ಟು ಕೆಳಗೆ ಹೋಗಿ ಗುಂಯ್‌ಗುಟ್ಟಿತು. ತಂತಿಯಮ್ಮ ಪರದೆಯಿಂದ ಕಣ್ಣು ತೆಗೆಯದೆ, "ಭೇಷ್. ಈಗೇನು ಮಾಡಿದ್ರೋ ಅದನ್ನೇ ಮನೇಲೂ ಅಭ್ಯಾಸ ಮಾಡಿ" ಎಂದರು.

ಅಭ್ಯಾಸ ಮಾಡುತ್ತಿದ್ದೇನೆ ಅಮ್ಮಾ. ಕತ್ತುನೋವು ಪೂರ್ತಿ ಹೋಗಿದೆ. ನನ್ನ ಚಪ್ಪಲಿಯ ಸದ್ದಾದರೆ ಸಾಕು, ಮಾತೇ ಬೇಕಿಲ್ಲ. ನಿದ್ದೆ ಮಾತ್ರ ಬರುವುದಿಲ್ಲ. ಈಗಲಾದರೂ ಅಳುತ್ತಾಳೇನೋ ಎಂದು ಅವಳ ಹಾಸಿಗೆಯ ಕಡೆ ಕಿವಿಯಿಟ್ಟು ಮಲಗಿರುತ್ತೇನೆ. ಅಳುವುದಿಲ್ಲ. ಮಗು ಹುಟ್ಟಿದ ದಿನ ನೀನೇ ಹೇಳಿದ್ದೆ, ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತ. ಎಷ್ಟು ಖುಷಿಯಲ್ಲಿ ಹೇಳಿದ್ದೆ!

ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ಅಣ್ಣನಿಗೂ ಅತ್ತಿಗೆಗೂ ನನ್ನ ನೆನಪು ತಿಳಿಸು. ನಿನ್ನ ಆಶೀರ್ವಾದ ನನ್ನ ಮೇಲಿದ್ದದ್ದು ಸಾಕು, ಇನ್ನು ಅಣ್ಣನ ಮೇಲಿರಲಿ.

ಇಂತಿ,
ಅಳದ ನಿನ್ನ ಮಗಳು

ಮರೆತೆ: ನೀನು ಬರಬೇಡ. ಪೆಟ್ಟಿಗೆ ಬಿಚ್ಚು, ಟಿಕೆಟ್ ರದ್ದು ಮಾಡಿಸು. ಬುಗುರಿಯನ್ನು ಅತ್ತೆ ನೋಡಿಕೊಳ್ಳುತ್ತಾರೆ. ಅವರು ಗಂಟಲು ಹರಿಯುವಂತೆ ಬೈಯುತ್ತಾರೆ, ಆದರೆ ಎದುರಿಗೇ ನಿಂತು ಬೈಯುತ್ತಾರೆ. ಮಗು ಅವರ ಹತ್ತಿರ ಇನ್ನೂ ಅಳುತ್ತದೆ. ನಾನು ಒಳಗೆ ಬಂದರೆ ಬಾಯಿ ಮುಚ್ಚಿ ಹೆಗಲೆತ್ತಿ ನಿಲ್ಲುತ್ತದೆ. ಸ್ವೆಟರನ್ನು ಅಂಚೆಯಲ್ಲಿ ಕಳಿಸು, ಸಾಕು. ನಿನ್ನಂಥವಳು ಒಬ್ಬಳು ಈ ಮನೆಯಲ್ಲಿ ಆಗಲೇ ಇದ್ದಾಳೆ.