ಬೇಡವಾದ ಎಲೆ ಪಕ್ಕದ ಕುರ್ಚಿಗೆ

ಮಾರ್ಚ್ 4, ಸೋಮವಾರ. ಬೆಳಿಗ್ಗೆ 7.30

ಎಡಗೈಗೆ ಸೂಜಿ, ಬಲಗೈಯಲ್ಲಿ ಪೆನ್ನು. ಮೆಷಿನ್ ಶುರುವಾಗಿ ಇಪ್ಪತ್ತು ನಿಮಿಷ. ಇನ್ನೂ ಮೂರು ಗಂಟೆ ನಲವತ್ತು ನಿಮಿಷ ಇದೆ. ಡಯಾಲಿಸಿಸ್ ಬೆಳಗಿನ ಪಾಳಿಗೆ ಬದಲಾಯಿಸಿಕೊಂಡೆ, ಮಧ್ಯಾಹ್ನವಾದರೂ ಆಫೀಸಿಗೆ ಹೋಗಿ ನಕ್ಷೆ ಮುಗಿಸಬಹುದಲ್ಲ ಎಂದು. ಸಂಜೆ ಪಾಳಿಯಲ್ಲಿ ಎಲ್ಲರೂ ಗೊರಕೆ. ಇಲ್ಲಿ ನೋಡಿದರೆ ಇಸ್ಪೀಟು.

ಸಾಲಾಗಿ ನಾಲ್ಕು ಕುರ್ಚಿ. ಒಂದರಲ್ಲಿ ರಿಟೈರ್ಡ್ ಟೀಚರ್, ಎರಡರಲ್ಲಿ ಬಸ್ ಡ್ರೈವರ್, ನಾಲ್ಕರಲ್ಲಿ ದರ್ಜಿ. ಮೂರನೆಯದು ನನ್ನದು. ಖಾಲಿ ಇತ್ತಂತೆ. ಯಾಕೆ ಖಾಲಿಯಾಯಿತು ಎಂದು ಕೇಳುವ ಧೈರ್ಯವಾಗಲಿಲ್ಲ.

ಟೀಚರ್ ಆಟ ಹೇಳಿಕೊಟ್ಟರು. ಎಲ್ಲರದೂ ಒಂದು ಕೈ ಮೆಷಿನ್ನಿಗೆ ಅಂಟಿಕೊಂಡಿರುತ್ತದೆ, ಆದ್ದರಿಂದ ಒಬ್ಬರಿಗೆ ಒಂದೇ ಎಲೆ. ಎಕ್ಕ ಎಲ್ಲಕ್ಕಿಂತ ಚಿಕ್ಕದು, ರಾಜ ಎಲ್ಲಕ್ಕಿಂತ ದೊಡ್ಡದು. ಬಂದ ಎಲೆ ಬೇಡವಾದರೆ ಮುಂದಿನ ಕುರ್ಚಿಯವರ ಎಲೆಯೊಂದಿಗೆ ಬದಲಾಯಿಸಿಕೊಳ್ಳಬಹುದು. ಅವರು ಒಲ್ಲೆ ಎನ್ನುವಂತಿಲ್ಲ, ಕೈಯಲ್ಲಿ ರಾಜ ಇದ್ದರೆ ಮಾತ್ರ ಪಾರು. ಕೊನೆಯ ಕುರ್ಚಿಯವರು ಬೇಕಿದ್ದರೆ ಕಟ್ಟಿನಿಂದ ಎಳೆಯಬಹುದು. ಆಮೇಲೆ ಎಲ್ಲರೂ ತೋರಿಸಬೇಕು. ಅತಿ ಚಿಕ್ಕದು ಯಾರದೋ ಅವರ ಒಂದು ಮುಚ್ಚಳ ಹೋಯಿತು. ಸೂಜಿಯ ನೀಲಿ ಮುಚ್ಚಳ, ತಲೆಗೆ ಮೂರು. ಮೂರೂ ಹೋದರೆ ಅಂದಿನ ಮಟ್ಟಿಗೆ ಔಟ್.

ಎಲೆಗಳಿಗೆಲ್ಲ ಲ್ಯಾಮಿನೇಷನ್. ಸಿಸ್ಟರ್ ಸ್ಪಿರಿಟ್ಟಿನಲ್ಲಿ ಒರೆಸಿ ಹಂಚುತ್ತಾರೆ. ಬದಲಿ ಎಂದರೆ ಕಿಡ್ನಿ ಆಕಾರದ ಸ್ಟೀಲ್ ತಟ್ಟೆಯಲ್ಲಿ, ಅದರ ಹೆಸರೇ ಕಿಡ್ನಿ ಟ್ರೇ, ಇಟ್ಟು ದಾಟಿಸುತ್ತಾರೆ. ಈ ರೂಮಿನಲ್ಲಿ ಕಿಡ್ನಿ ಇರುವುದು ಸಿಸ್ಟರಿಗೆ ಮತ್ತು ಟ್ರೇಗೆ ಮಾತ್ರ ಎಂದ ಡ್ರೈವರ್. ನಗು ಬಂತು. ಆಮೇಲೆ ಹೆದರಿಕೆಯಾಯಿತು.

ಮಾರ್ಚ್ 6, ಬುಧವಾರ

ನಿನ್ನೆ ಆಫೀಸಿನಲ್ಲಿ ಗ್ರಾಫ್ ಹಾಳೆಯ ಮೇಲೆ ಟೇಬಲ್ ಹಾಕಿದೆ. ಏಳರ ಮೇಲೆ ಬಂದರೆ ಇಟ್ಟುಕೊಳ್ಳುವುದು, ಕೆಳಗಾದರೆ ದಾಟಿಸುವುದು. ಇಪ್ಪತ್ತು ವರ್ಷ ನಕ್ಷೆ ಬಿಡಿಸಿದವಳು, ಅಳತೆಯಿಲ್ಲದೆ ಯಾವುದಕ್ಕೂ ಕೈ ಹಾಕಿದವಳಲ್ಲ. ಇವತ್ತು ಹದಿನೈದು ನಿಮಿಷದಲ್ಲಿ ಮೂರೂ ಮುಚ್ಚಳ ಹೋದವು. "ಮೇಡಂ ಪ್ಲಾನ್ ಹಾಕ್ಕೊಂಡು ಬಂದಿದಾರೆ, ಮನೆ ಕಟ್ಟೋದು ಯಾವಾಗ?" ಎಂದು ಡ್ರೈವರ್ ಕಾಲೆಳೆದ.

ಅದರಲ್ಲಿ ಒಂದು ಮುಚ್ಚಳ ಬಾಯಿತಪ್ಪಿ ಹೋಗಿದ್ದು. ದರ್ಜಿಗೆ ಎರಡರ ಎಲೆ ದಾಟಿಸಿ ಸಾರಿ ಎಂದುಬಿಟ್ಟೆ. ಟೀಚರ್ ತಕ್ಷಣ ದಂಡ ಹಾಕಿದರು.

"ಇಲ್ಲಿ ಯಾರೂ ಯಾರಿಗೂ ಸಾರಿ ಹೇಳೋ ಹಾಗಿಲ್ಲಮ್ಮ. ಹೇಳೋಕೆ ಶುರು ಮಾಡಿದ್ರೆ ಆಟ ನಡಿಯೋದೇ ಇಲ್ಲ."

ಮಾರ್ಚ್ 11, ಸೋಮವಾರ

ಇವತ್ತು ನನ್ನ ಬಿಪಿಯೇ ನನಗೆ ದ್ರೋಹ ಮಾಡಿತು. ಎಕ್ಕ ಬಂದಿತ್ತು. ಮುಖವನ್ನು ಕಲ್ಲಿನಂತೆ ಇಟ್ಟುಕೊಂಡಿದ್ದೆ. ಅಷ್ಟರಲ್ಲಿ ತೋಳಿನ ಬಿಪಿ ಪಟ್ಟಿ ತಾನೇ ಬಿಗಿದು ಅಳೆಯಿತು... ನೂರ ಎಪ್ಪತ್ತು. ಮೂವರೂ ತಲೆಯೆತ್ತಿ ಸ್ಕ್ರೀನ್ ನೋಡಿದರು. ಇನ್ನೇನು ಮುಚ್ಚಿಡುವುದು.

ಎಕ್ಕ ಬಾರದಿದ್ದರೂ ಅಷ್ಟೇ ಇರುತ್ತಿತ್ತೋ ಏನೋ. ನಮ್ಮ ಯಜಮಾನರ ಕಿಡ್ನಿ ನನಗೆ ಹೊಂದುವುದಿಲ್ಲ ಎಂದು ಕಳೆದ ತಿಂಗಳು ರಿಪೋರ್ಟ್ ಬಂತು. ಅದನ್ನು ಹಿಡಿದುಕೊಂಡು ಇವರು ಅಡುಗೆಮನೆಯಲ್ಲಿ ನಿಂತೇ ಇದ್ದರು. ತಂಗಿ ಕೊಡೋಣವೆಂದರೆ ಅವಳಿಗೆ ಶುಗರ್. ಉಳಿದಿದ್ದು ಸತ್ತವರ ಕಿಡ್ನಿಗೆ ಕಾಯುವವರ ಲಿಸ್ಟ್ ಒಂದೇ. ಸ್ನಾನಕ್ಕೂ ಫೋನ್ ಒಯ್ಯುತ್ತೇನೆ. ಯಾವ ಗಳಿಗೆಯಲ್ಲಿ ಬರುತ್ತದೋ ಕರೆ.

ಮಾರ್ಚ್ 22, ಶುಕ್ರವಾರ

ಗೆದ್ದೆ! ಕೊನೆಗೆ ಉಳಿದವಳು ನಾನೇ. ಏನೂ ಮಾಡಲಿಲ್ಲ, ಒಳ್ಳೆಯ ಎಲೆ ಬಂದವು, ಅಷ್ಟೇ. ಟೇಬಲ್ ಹರಿದು ಹಾಕಿದೆ.

ಮೊದಲು ಔಟಾಗಿದ್ದು ದರ್ಜಿ. ಪಾಪ, ನಾನು ಬೇಡವೆಂದಿದ್ದೆಲ್ಲ ಅವರಿಗೇ ಹೋಗುತ್ತದೆ. ಒಂದು ದಿನವೂ ಮುಖ ಸಿಂಡರಿಸಿದವರಲ್ಲ. ಕಣ್ಣಳತೆಯಲ್ಲೇ ಸಿಸ್ಟರ್ ಯೂನಿಫಾರಂನ ಭುಜ ಅರ್ಧ ಇಂಚು ಜಾಸ್ತಿ ಎಂದರು. ಸಿಸ್ಟರ್ ಟೇಪ್ ತಂದು ನೋಡಿದರೆ ಸರಿಯಾಗಿ ಅರ್ಧ ಇಂಚು. ಇಬ್ಬರು ಹೆಣ್ಣುಮಕ್ಕಳಂತೆ. ಹೆಂಡತಿ ಇಲ್ಲ.

ಏಪ್ರಿಲ್ 19, ಶುಕ್ರವಾರ

ಬಹಳ ದಿನ ಬರೆಯಲಿಲ್ಲ. ಚೆನ್ನಾಗಿದ್ದೆ, ಅದಕ್ಕೇ. ಆಟವಿದೆ ಎಂದು ಅಲಾರಂಗಿಂತ ಮೊದಲೇ ಏಳುತ್ತಿದ್ದೆ.

ಇವತ್ತು ಲಿಸ್ಟ್ ನೋಡಿಕೊಳ್ಳುವ ಮೇಡಂ ಫಾರಂ ತಿದ್ದಲು ಬಂದಿದ್ದರು. ಒಬ್ಬೊಬ್ಬರದೇ ಗಟ್ಟಿಯಾಗಿ ಓದಿದರು. ನಾನು ಬಿ ಪಾಸಿಟಿವ್, ಹದಿನಾಲ್ಕು ತಿಂಗಳು. ದರ್ಜಿ ಬಿ ಪಾಸಿಟಿವ್, ನಾಲ್ಕು ವರ್ಷ. ಹಾಗಾದರೆ ನಾವಿಬ್ಬರೂ ಒಂದೇ ಕ್ಯೂ ಎಂದು ದರ್ಜಿ ನಕ್ಕರು. ನನಗೆ ನಗಲಾಗಲಿಲ್ಲ.

ಆಮೇಲೆ ಆಟದಲ್ಲಿ ನನಗೆ ಮೂರರ ಎಲೆ ಬಂತು. ದಾಟಿಸಬೇಕಿತ್ತು, ಕೈ ಬರಲಿಲ್ಲ. ಇಟ್ಟುಕೊಂಡು ಮುಚ್ಚಳ ಕಳೆದುಕೊಂಡೆ. ಯಾಕೆ ಎಂದು ಡ್ರೈವರ್ ಕೇಳಿದ್ದಕ್ಕೆ ಕಣ್ಣು ಮಂಜಾಗಿತ್ತು ಎಂದೆ.

ಮೇ 6, ಸೋಮವಾರ

ದಾಟಿಸುತ್ತೇನೆ ಈಗ. ಬಂದಿದ್ದನ್ನೆಲ್ಲ ದಾಟಿಸುತ್ತೇನೆ, ಎಂಟು ಒಂಬತ್ತನ್ನೂ ಬಿಡುವುದಿಲ್ಲ. ಏನಾಗಿದೆ ನನಗೆ?

ಆರೋಗ್ಯ ಹೇಗಿದೆ ಎಂದು ದರ್ಜಿಯನ್ನು ಕೇಳಿದೆ. ಚೆನ್ನಾಗಿದೀನಿ ಎಂದರು. ಕೇಳಿದ್ದು ಕಾಳಜಿಯಿಂದಲೇ ಎಂದು ಬರೆದರೆ ಸುಳ್ಳಾಗುತ್ತದೆ. ಇದನ್ನು ಇವರಿಗೂ ಹೇಳಿಲ್ಲ. ಯಾರಿಗೆ ಹೇಳಲಿ?

ಮೇ 12, ಭಾನುವಾರ. ಬೆಳಿಗ್ಗೆ 7.10

ಫೋನ್ ಬಂತು. ಬಿ ಪಾಸಿಟಿವ್ ಕಿಡ್ನಿ ಒಂದು ಇದೆ. ನಾನು ಎರಡನೆಯವಳು. ಮೊದಲನೆಯವರಿಗೆ ಏನಾದರೂ ತೊಂದರೆ ಇದ್ದರೆ ಮಾತ್ರ ನನಗೆ. ಖಾಲಿ ಹೊಟ್ಟೆಯಲ್ಲಿ ಬರಬೇಕಂತೆ. ಮೊದಲನೆಯವರು ಯಾರು ಎಂದು ಕೇಳಲಿಲ್ಲ. ಗೊತ್ತು. ಇವರು ಚಪ್ಪಲಿ ಅದಲು ಬದಲು ಹಾಕಿಕೊಂಡು ಆಟೋ ತರಲು ಓಡಿದರು.

9.40

ಕಾರಿಡಾರಿನಲ್ಲಿ ಬೆಂಚು. ಒಂದು ತುದಿಗೆ ದರ್ಜಿ, ಒಂದು ತುದಿಗೆ ನಾನು. ಇಬ್ಬರದೂ ರಕ್ತ ತೆಗೆದಿದ್ದಾರೆ. ದರ್ಜಿಯ ದೊಡ್ಡ ಮಗಳು ಅವರ ಚಪ್ಪಲಿ, ಬ್ಯಾಗು ಹಿಡಿದು ನಿಂತಿದ್ದಾಳೆ. ಡಾಕ್ಟರ್ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳಿದರು — ಜ್ವರ, ಕೆಮ್ಮು, ಗಾಯ ಏನಾದರೂ ಇದೆಯೇ, ಮುಚ್ಚಿಡಬೇಡಿ, ಆಪರೇಷನ್ ಆದಮೇಲೆ ಕೊಡುವ ಔಷಧಿಯಿಂದ ಮೈಯಲ್ಲಿ ರೋಗ ತಡೆಯುವ ಶಕ್ತಿಯೇ ಉಳಿಯುವುದಿಲ್ಲ, ಸಣ್ಣ ಸೋಂಕೂ ಪ್ರಾಣ ತೆಗೆಯುತ್ತದೆ. ಇಬ್ಬರೂ ಇಲ್ಲ ಎಂದೆವು.

10.35

ಕನ್ನಡಕ ಮರೆತಿದ್ದೇನೆ, ಫಾರಂ ಓದಿ ಹೇಳಿ ಎಂದು ದರ್ಜಿ ಪಕ್ಕಕ್ಕೆ ಬಂದರು. ಕಾಗದ ಕೊಡುವಾಗ ಕೈ ತಾಗಿತು. ಕೆಂಡ. ಮುಖ ನೋಡಿದೆ. ಮಗಳನ್ನು ನೀರು ತರಲು ಕಳಿಸಿದರು, ನೀರು ಕುಡಿಯುವಂತಿಲ್ಲ ಎಂದು ಗೊತ್ತಿದ್ದೂ.

"ನಿನ್ನೆಯಿಂದ ಜ್ವರ. ಮಾತ್ರೆ ನುಂಗ್ಕೊಂಡು ಬಂದೆ, ಡಾಕ್ಟ್ರು ನೋಡ್ದಾಗ ಇಳಿದಿತ್ತು. ನಾಲ್ಕು ವರ್ಷ ಕಾದಿದೀನಿ. ನೀವು ಕೇಳಿಸ್ಕೊಂಡಿಲ್ಲ ಅಂದ್ಕೊಳಿ."

ಫಾರಂ ಪೂರ್ತಿ ಓದಿ ಹೇಳಿದೆ. ಸಹಿ ಎಲ್ಲಿ ಹಾಕಬೇಕು ಎಂದೂ ತೋರಿಸಿದೆ.

10.50

ಹೇಳಿದರೆ ಅವರ ಜೀವ ಉಳಿಯುತ್ತದೆ. ಹೇಳಿದರೆ ಕಿಡ್ನಿ ನನಗೆ ಬರುತ್ತದೆ. ಹೇಳದಿದ್ದರೆ ಒಳ್ಳೆಯವಳು ಎನಿಸಿಕೊಂಡು ಅವರನ್ನು ಸಾಯಲು ಕಳಿಸಿದ ಹಾಗೆ. ಇವರನ್ನು ಕೇಳೋಣವೆಂದರೆ ಇವರು ಏನು ಹೇಳುತ್ತಾರೆಂದು ಗೊತ್ತು. ಬಾತ್‌ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ.

11.25

ಹೇಳಿದೆ. ಡಾಕ್ಟರ್ ರೂಮಿಗೆ ಹೋಗಿ, ಬಾಗಿಲು ಹಾಕಿ, ನಿಂತೇ ಹೇಳಿದೆ. ಎರಡು ವಾಕ್ಯ. ಅವರು ಥರ್ಮಾಮೀಟರ್ ಎತ್ತಿಕೊಂಡರು. ಒಳ್ಳೆ ಕೆಲಸ ಮಾಡಿದಿರಿ ಎಂದರು. ಆ ಮಾತು ಕೇಳಲಾಗಲಿಲ್ಲ.

ದರ್ಜಿಯನ್ನು ಒಳಗೆ ಕರೆದಿದ್ದಾರೆ. ಮಗಳು ಹೊರಗೆ ನೀರಿನ ಬಾಟಲಿ ಹಿಡಿದು ನಿಂತಿದ್ದಾಳೆ.

12.15

ನನಗೇ. ಸಿಸ್ಟರ್ ಬಂದು ಬಳೆ, ಸರ ತೆಗೆದುಕೊಡಿ ಎಂದರು. ಇವರು ಗೋಡೆಗೆ ಮುಖ ಮಾಡಿ ಅತ್ತರು. ಇಪ್ಪತ್ತೆರಡು ವರ್ಷದಲ್ಲಿ ಅತ್ತಿದ್ದನ್ನು ನೋಡಿರಲಿಲ್ಲ. ನನಗೆ ಸಂತೋಷವಾಯಿತು. ಬರೆದುಬಿಡುತ್ತೇನೆ, ಸಂತೋಷವೇ ಆಯಿತು.

ದರ್ಜಿಗೆ ಎದೆಯಲ್ಲಿ ಸೋಂಕಂತೆ. ಅಡ್ಮಿಟ್ ಮಾಡುತ್ತಾರೆ. ವಾಸಿಯಾಗುತ್ತದೆ, ಆಪರೇಷನ್ ಆಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಸಿಸ್ಟರ್ ಹೇಳಿದರು. ಕೇಳಿ ಸಮಾಧಾನ ಮಾಡಿಕೊಳ್ಳಬೇಕು. ಆಗುತ್ತಿಲ್ಲ. ನಾನು ಎರಡನೆಯವಳಾಗಿರದಿದ್ದರೆ ಎದ್ದು ಹೋಗಿ ಹೇಳುತ್ತಿದ್ದೆನೇ? ಹೇಳುತ್ತಿದ್ದೆ. ಬಹುಶಃ ಹೇಳುತ್ತಿದ್ದೆ. ಗೊತ್ತಿಲ್ಲ.

12.30

ಡಾಕ್ಟರ್ ರೂಮಿನ ಬಾಗಿಲು ತೆರೆಯಿತು. ದರ್ಜಿ ಹೊರಗೆ ಬಂದರು. ಮಗಳ ಕೈ ಬಿಡಿಸಿಕೊಂಡು ಇತ್ತಲೇ ಬರುತ್ತಿದ್ದಾರೆ, ಗೋಡೆ ಹಿಡಿದು, ನಿಧಾನ. ನೀವೇ ಹೇಳಿದಿರಾ ಎಂದು ಕೇಳಿದರೆ ಹೌದು ಎನ್ನುತ್ತೇನೆ. ಅಷ್ಟು ನಿಶ್ಚಯ. ಯಾಕೆ ಹೇಳಿದಿರಿ ಎಂದು ಕೇಳಿದರೆ